ಮೊಟ್ಟೆ ಬಟ್ಟಲು

ಡಂಡೀಯ ಆಸ್ಪತ್ರೆಯಿಂದ ಮನೆಗೆ ಬಂದ ಹತ್ತನೇ ದಿನ
ಅಮ್ಮನ ಮೊಟ್ಟೆ ಬಟ್ಟಲೇ ನನ್ನ ತಟ್ಟೆ.
ಅದರೊಳಗೆ ಸೋಸಿದ ಸೂಪು.
ಎರಡು ಗುಟುಕಿಗೆ ಸಾಕು ಅನ್ನುತ್ತದೆ ಹೊಟ್ಟೆ.
ಬಾಯಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವಳು ನಾನು.
ಸ್ಟಿಯರಿಂಗು ಹೊಟ್ಟೆಯ ಮೇಲೆ ಗೆರೆ ಕೊರೆದಿತ್ತು.
ಡಿಪೋದಲ್ಲಿ ನನ್ನ ಬೆಲ್ಟಿಗೆ ಇನ್ನೊಂದು ತುಂಡು ಜೋಡಿಸಿದ್ದರು,
ಯಾರೂ ಏನೂ ಅನ್ನದೆ.
ಅನ್ನದೇ ಇದ್ದದ್ದೇ ಹೆಚ್ಚು ಚುಚ್ಚಿದ್ದು.

ಫೆರ್ಗಸ್ ಈಗ ಗ್ಯಾರೇಜಿನಲ್ಲಿ ನಿಂತು ತಿನ್ನುತ್ತಾನೆ,
ಕರಿದ ಮೀನಿನ ಪೊಟ್ಟಣ ಕಳ್ಳನಂತೆ ಬಿಚ್ಚಿ.
ವಿನೆಗರ್ ವಾಸನೆ ಬಾಗಿಲ ಸಂದಿಯಲ್ಲಿ ನುಸುಳುತ್ತದೆ.
ಒಳಗೆ ಬಾ ಮಾರಾಯ, ಅಂದೆ ಒಮ್ಮೆ,
ನೀನು ಅಗಿಯುವ ಸದ್ದಾದರೂ ಇರಲಿ.

ಹುಟ್ಟುಹಬ್ಬಕ್ಕೆ ಒಂದೇ ಚಮಚ ಕೇಕು.
ಆಮೇಲೆ ಬಚ್ಚಲ ತಣ್ಣನೆಯ ನೆಲ, ಬೆವರು,
ಪಂಜರ ಮುರಿಯುವಂತೆ ಬಡಿವ ಎದೆ.

ಮೂರನೇ ತಿಂಗಳು ಕೂದಲು ಉದುರಿತು.
ಆರನೆಯದರಲ್ಲಿ ಅಂಗಡಿಯ ಮೋರ್ವೆನ್ ದನಿ ತಗ್ಗಿಸಿ
ಕಾಯಿಲೆಯೇನೇ, ಎಂದಳು.
ಇಲ್ಲ, ಗುಣವಾಗುತ್ತಿದ್ದೇನೆ ಎನ್ನಲು ನಾಲಿಗೆ ಹೊರಳಲಿಲ್ಲ.
ತೋಳಿನ ಚರ್ಮ ಜೋತಿತ್ತು,
ಗಾಳಿ ಬಿದ್ದುಹೋದ ದಿನದ ಹಾಯಿ.

ನಿನ್ನೆ ಪಾತ್ರೆ ತೊಳೆಯುವಾಗ ಉಂಗುರ ಜಾರಿತು.
ಹನ್ನೊಂದು ವರ್ಷ ಸೋಪು, ಎಣ್ಣೆ, ದಾರ
ಯಾವುದಕ್ಕೂ ಜಗ್ಗದಿದ್ದದ್ದು
ನೊರೆಯೊಳಗೆ ತಾನಾಗಿ ಟಿಣ್ ಅಂದಿತು.
ಇಬ್ಬರೂ ಮಂಡಿಯೂರಿ ಸಿಂಕಿನ ಕೊಳವೆ ಬಿಚ್ಚಿದೆವು.

ಮಂಡಿ! ನನ್ನವು, ನೆಲದ ಮೇಲೆ!

ಏನು ಹುಡುಕುತ್ತಿದ್ದೆವು ಎಂಬುದು
ಒಂದು ಗಳಿಗೆ ಮರೆತೇಹೋಯಿತು.