ಮಂಗಳವಾರದ ಆಟ

ಆಟವಿದ್ದ ದಿನ ಸೇತುವೆ ಮೇಲೆ ಕಾರು ಬಿಡುವುದಿಲ್ಲ.
ಹಳದಿ ಸೇತುವೆಯ ನಟ್ಟನಡುವೆ ನಡೆದೆ
ನಮ್ಮಪ್ಪ ನನ್ನ ಹೆಸರಿಗೆ ಬರೆದಿಟ್ಟ ರಸ್ತೆಯ ಹಾಗೆ.
ಬೆನ್ನಿಗೆ ಪಿಟ್ಸ್‌ಬರ್ಗ್, ಕೆಳಗೆ ಅಲೆಗೇನಿ ನದಿ,
ಎದುರಿಗೆ ದೀಪದ ಕಂಬಗಳು
ಹಗಲಿರುವಾಗಲೇ ಹೊತ್ತಿಕೊಂಡು
ಸಂಜೆಯನ್ನು ಅವಸರಪಡಿಸುತ್ತಿದ್ದವು.

ಒಂದೇ ಟಿಕೆಟ್. ಚೀಲದಲ್ಲಿ ಮೊಸರನ್ನ.
ಬಾಗಿಲ ಹುಡುಗಿ ಡಬ್ಬಿಯ ಮುಚ್ಚಳ ತೆಗೆದಳು,
ಮೂಸಿದಳು, ಯೋಚಿಸಿದಳು,
ಹೋಗಿ ಎಂದಳು.

ನಾನು ಡಯಾಲಿಸಿಸ್ ನರ್ಸ್.
ಈ ಆಟ ನನಗೆ ಕಿವಿಯಿಂದ ಬಂದದ್ದು.
ಏಳನೇ ಕುರ್ಚಿ, ಕ್ಯಾಸಿಮಿರ್ ವೊಯ್ಚಿಕ್,
ಮಂಗಳ ಗುರು ಶನಿ, ಸಂಜೆ ಪಾಳಿ.
ಎಡತೋಳಿಗೆ ಎರಡು ಸೂಜಿ, ಬಲಗಿವಿಗೆ ರೇಡಿಯೋ.
ನಾಲ್ಕು ಗಂಟೆ ಅವನ ರಕ್ತ
ಹೊರಗೆ ಹೋಗಿ ಸುತ್ತಿ ಬರುತ್ತದೆ;
ಅಷ್ಟರಲ್ಲಿ ಯಾರೋ ಒಬ್ಬ ಮೂರನೇ ಬೇಸ್ ತನಕ ಓಡಿ
ಮನೆ ಮುಟ್ಟದೆ ಉಳಿದುಬಿಡುತ್ತಾನೆ.
"ಹೆಚ್ಚಿನವರು ಹಾಗೇ" ಎನ್ನುತ್ತಾನೆ,
ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಗಾಜು ಊದಿದವನು.

ಅಂಕದ ಹಾಳೆ ಬರೆಯುವುದು ಕಲಿಸಿದವನೂ ಅವನೇ,
ಬಿ.ಪಿ. ಚಾರ್ಟಿನ ಬೆನ್ನಿನ ಮೇಲೆ.
ಬೀಸಿ ಔಟಾದವನಿಗೆ ನೆಟ್ಟಗಿನ ಕೆ.
ಬೀಸದೆ, ನೋಡುತ್ತ ನಿಂತೇ ಔಟಾದವನಿಗೆ
ಕನ್ನಡಿಯಲ್ಲಿ ಕಂಡ ಕೆ.
"ನನ್ನ ಎರಡು ಕಿಡ್ನಿಗೂ ಆ ಎರಡನೆಯದು"
ಎಂದು ನಕ್ಕು, ಯಂತ್ರ ಕೂಗುವಷ್ಟು ಅಲ್ಲಾಡಿದ.
ಚೆಂಡು ಕೈಗೆ ತಾಗಿ ಜಾರಿದರೆ
ಅದು ಹೊಡೆದವನ ಹಿಟ್ಟೋ, ಹಿಡಿಯುವವನ ತಪ್ಪೋ
ಬರೆಯುವವರೇ ತೀರ್ಮಾನ ಮಾಡಬೇಕಂತೆ.
"ಅನುಮಾನವಿದ್ದರೆ ಹಿಟ್ ಕೊಡು ಮಗಳೇ,
ತಪ್ಪು ಬರೆಯುವುದಕ್ಕೆ ಊರೆಲ್ಲ ಇದೆ."

ಮೆಟ್ಟಿಲೇರಿ ತಿರುಗಿದರೆ ತಟ್ಟನೆ ಹಸಿರು.
ಇಷ್ಟು ವರ್ಷ ಕೇಳಿದ ರೇಡಿಯೋ
ಈ ಹಸಿರನ್ನು ಹೇಳಿರಲೇ ಇಲ್ಲ.
ಭದ್ರಾವತಿಯ ಕಾರ್ಖಾನೆ ಮೈದಾನದಲ್ಲಿ
ಕಬ್ಬಿಣದ ದೂಳು, ಗಂಡುಹುಡುಗರ ಚಿನ್ನಿದಾಂಡು,
ನಮಗೆ ಬಿಟ್ಟದ್ದು ಹಾರಿದ ಚಿನ್ನಿ ಹುಡುಕಿಕೊಡುವ ಕೆಲಸ.
ಇಲ್ಲಿ ಹುಲ್ಲಿಗೂ ಬೈತಲೆ ತೆಗೆದು ಬಾಚಿದ್ದಾರೆ.

ಸೆಪ್ಟೆಂಬರ್ ಕೊನೆ. ನಮ್ಮ ತಂಡ ಇಪ್ಪತ್ತೆರಡು ಆಟ ಹಿಂದೆ.
(ನಮ್ಮ ಅಂದೆ ನೋಡಿ. ಯಾವಾಗಿಂದಲೋ.)
ಅರ್ಧಕ್ಕರ್ಧ ಕುರ್ಚಿ ಮಡಚಿಕೊಂಡೇ ಇದ್ದವು.
ಅದು ನನಗೆ ಅನುಕೂಲವೇ,
ಏಕೆಂದರೆ ಶನಿವಾರ ಒಪ್ಪಂದವಾಗಿತ್ತು:
ಎಂಟನೇ ಇನ್ನಿಂಗ್ಸ್, ಮೊದಲ ಎಸೆತದ ಮುಂಚಿನ ಮೌನ,
ಅವನಿಗೆ ಗೊತ್ತಿರುವ ಒಂದೇ ಕನ್ನಡ ಪದ ನಾನು ಕೂಗುವುದು,
ಅವನು ಕುರ್ಚಿಯಲ್ಲಿ ಕಿವಿಗೊಟ್ಟಿರುವುದು.
ಕಂಬಳಿ ಹೊದಿಸುವಾಗ ಬಾಯಿತಪ್ಪಿ ಕೇಳುತ್ತಿರುತ್ತೇನೆ: ಸಾಕಾ?
ಸಾಕು, ಎನ್ನುತ್ತಾನೆ, ಉ-ಕಾರವನ್ನು ಒಂದು ಮೈಲಿ ಎಳೆದು.

ಎಂಟನೇ ಇನ್ನಿಂಗ್ಸ್. ಎದ್ದು ನಿಂತೆ.
ಸ್ವರ ಬರಲಿಲ್ಲ.
ಮೆಲ್ಲಗೆ, ಮೆಲ್ಲಗೆ, ಎಂಬುದೇ ನನ್ನ ಕಸುಬು;
ನಲವತ್ತೆಂಟು ವರ್ಷದಲ್ಲಿ ಬಯಲಲ್ಲಿ ನಿಂತು ಕೂಗಿದವಳಲ್ಲ.
ಪಿಚರ್ ಕಾಲೆತ್ತುವುದರೊಳಗೆ
ಹೊಟ್ಟೆಯ ತಳದಿಂದ ಹೊರಬಿತ್ತು
ಸಾಕಾ!

ಪಿಚರ್ ತಿರುಗಲಿಲ್ಲ. ಮುಂದಿನ ಸಾಲಿನ ಮಗು ತಿರುಗಿತು,
ಕೆನ್ನೆ ತುಂಬ ಸಾಸಿವೆ ಸಾಸ್,
ನನ್ನನ್ನೇ ನೋಡುತ್ತ ತಾನೂ ಕೂಗಿತು: ಸಾಕಾ!
ಅವರಪ್ಪ ಟೋಪಿ ಸರಿಮಾಡಿಕೊಂಡ.

ಸೋತೆವು. ಏಳು, ಎರಡು.
ಬೋರ್ಡಿನ ಮೇಲೆ ನಮ್ಮ ತಪ್ಪುಗಳನ್ನೂ ಎಣಿಸಿಟ್ಟಿದ್ದರು,
ಮೂರು, ದೀಪ ಆರುವವರೆಗೂ.

ಗುರುವಾರ ಸೂಜಿ ಬಿಚ್ಚುವುದರೊಳಗೆ ಅವನೇ ಶುರುಮಾಡಿದ:
"ಕೇಳಿಸಿತು! ಗಂಟೆ ಹೊಡೆದ ಹಾಗೆ.
ಆರನೇ ಇನ್ನಿಂಗ್ಸ್, ಅಲ್ಲವಾ?"

ಆರನೇ ಇನ್ನಿಂಗ್ಸಿನಲ್ಲಿ ನಾನು
ಮೊಸರನ್ನದ ಮೂಲೆಯಲ್ಲಿ ಉಪ್ಪಿನಕಾಯಿ ಹುಡುಕುತ್ತಿದ್ದೆ.

ಹಾಳೆ ಅವನ ಮುಂದೆ ಬಿಡಿಸಿದೆ.
ಆರನೇ ಕಾಲಮ್ಮಿನ ಅಂಚಿನಲ್ಲಿ
ಪೆನ್ಸಿಲ್ ಒಂದು ಗಳಿಗೆ ನಿಂತಿತು.
ಹಿಟ್, ಎಂದು ಬರೆದೆ.
ಕಂಬಳಿಯನ್ನು ಗಲ್ಲದ ತನಕ ಎಳೆದೆ.