ನಡುವಿನ ನಿಕಲ್

ಹಳೇ ಹುಬ್ಬಳ್ಳಿಯ ಓಣಿಯೊಳಗೆ ಓಣಿ, ಅದರ ಕೊನೆಗೆ
ದಾವಲಸಾಬನ ಪ್ಲೇಟಿಂಗ್ ಅಂಗಡಿ.
ನನ್ನ ಸೈಕಲ್ಲಿನ ಹ್ಯಾಂಡಲ್ಲು ಪೇಪರಿನಲ್ಲಿ ಸುತ್ತಿ ಒಯ್ದಿದ್ದೆ.
ಉಗುರಿನಿಂದ ತುಕ್ಕು ಕೆರೆದು ನೋಡಿದ:
"ಆಗತೈತ್ರೀ ಮೇಡಂ. ಬುಧವಾರ ಬರ್ರಿ,
ಕರೆಂಟ್ ಇದ್ರ."

ಅದೇ ಬೆಳಿಗ್ಗೆ ಸೆಕೆಂಡ್ ಪಿಯು ಬಿ ಸೆಕ್ಷನ್ನಿಗೆ
ಡಿ-ಬ್ಲಾಕ್ ಶುರು ಮಾಡಿದ್ದೆ.
ಸ್ಕ್ಯಾಂಡಿಯಂ, ಟೈಟೇನಿಯಂ, ವೆನೇಡಿಯಂ:
ಒಂದು, ಎರಡು, ಮೂರು,
ಶಿಸ್ತಾಗಿ ತುಂಬುತ್ತ ಬರುತ್ತವೆ ತ್ರೀ-ಡಿ ಕೋಣೆಗಳು.
ಫೋರ್-ಎಸ್‌ನಲ್ಲಿ ಆಗಲೇ ಇಬ್ಬರು
ಹಾಸಿಗೆ ಬಿಚ್ಚಿ ಕೂತಿದ್ದಾರೆ.
ಮುಂದಿನದು ಕ್ರೋಮಿಯಂ. ನಾಲ್ಕು ಅಂತ ಬರೆಯಬೇಕು.
ಬರೆಯುವುದಿಲ್ಲ. ಐದು.
ಐದನೆಯವ ಎಲ್ಲಿಂದ ಬಂದ?
ಫೋರ್-ಎಸ್‌ನವನೇ ಒಬ್ಬ ಎದ್ದು ಬಂದ.

"ಯಾಕ್ರೀ ಮಿಸ್?"
ಮಹಾನಂದಾ ಯರಗುಪ್ಪಿ, ಕಿಟಕಿ ಪಕ್ಕದ ಬೆಂಚು.
ಹದಿನೆಂಟು ವರ್ಷದಿಂದ ಕೊಡುವ ಉತ್ತರವನ್ನೇ ಕೊಟ್ಟೆ:
ಅರ್ಧ ತುಂಬಿದರೂ ಸ್ಥಿರ, ಪೂರ್ತಿ ತುಂಬಿದರೂ ಸ್ಥಿರ.
ಒಬ್ಬೊಬ್ಬರಿಗೆ ಒಂದೊಂದು ಕೋಣೆ,
ಎಲ್ಲರ ಮುಖ ಒಂದೇ ದಿಕ್ಕಿಗೆ.
ಗೈಡಿನಲ್ಲೂ ಅದೇ, ಕೀ ಆನ್ಸರಿನಲ್ಲೂ ಅದೇ,
ಒಂದು ಅಂಕ.

ಅವಳು ಕೂಡ್ರಲಿಲ್ಲ.
"ಹಂಗಾದ್ರ ಟಂಗ್‌ಸ್ಟನ್?
ಅದೂ ಅದೇ ಗುಂಪಿನಾಗ ಐತಿ, ಕ್ರೋಮಿಯಂ ಕೆಳಗ ಕೆಳಗ.
ಅದಕ್ಯಾಕ ಅರ್ಧ ಬ್ಯಾಡಾತು?
ನಾಕs ಇಟಗೊಂಡು ಕುಂತೈತಲ್ರೀ.
ಮತ್ತ ನಿಯೋಬಿಯಂ,
ನಾಕೂ ಇಟಗೊಂಡು ಎಸ್‌ದಾಗ ಒಬ್ಬನ್ನs ಬಿಟ್ಟೈತಿ.
ನಾಕು ಅರ್ಧಾನೂ ಅಲ್ಲ, ಪೂರ್ತಿನೂ ಅಲ್ಲ."
ಬೆಲ್ಲು ಹೊಡೆಯಿತು.
ಬೆಲ್ಲಿನ ಸದ್ದು ನನಗೆಂದೂ ಅಷ್ಟು ಇಂಪಾಗಿರಲಿಲ್ಲ.

ಬುಧವಾರ ಕರೆಂಟ್ ಇತ್ತು.
ಸಾಲಾಗಿ ಮೂರು ತೊಟ್ಟಿ: ನೀಲಿ, ಹಸಿರು, ಕೆಂಪು.
"ಮೊದಲ ತಾಮ್ರ, ಅದರ ಮ್ಯಾಲ ನಿಕಲ್, ಕಡೀಕ ಕ್ರೋಮ್."
ನೇರ ಕ್ರೋಮ್ ಹಾಕಿದರೆ?
"ಮಳಿಗಾಲದಾಗ ಒಳಗಿಂದ ತುಕ್ಕು ಎದ್ದು ಬರತೈತ್ರೀ.
ಹೊಳಪು ನಿಕಲ್‌ದು,
ಹೆಸರು ಕ್ರೋಮಿಂದು."

ನಾನು ನಿಂತಲ್ಲೇ ಎಣಿಸಿದೆ.
ತಾಮ್ರ: ಹತ್ತು, ಒಂದು. ನಿಯಮ ಮುರಿದದ್ದು.
ಕ್ರೋಮಿಯಂ: ಐದು, ಒಂದು. ಮುರಿದದ್ದು.
ಇವೆರಡರ ನಡುವೆ ನಿಕಲ್: ಎಂಟು, ಎರಡು,
ಹೇಳಿದ್ದಷ್ಟು ಕೇಳಿದ ಕೂಸು.
ಅದೂ ಕೂದಲೆಳೆಯ ಅಂತರದಲ್ಲಿ;
ಒಂಬತ್ತು-ಒಂದು ಅನ್ನುವವರ ಜತೆ
ಇವತ್ತಿಗೂ ವಾದ ಮುಗಿದಿಲ್ಲ.

ಕೆಂಪು ತೊಟ್ಟಿಯ ಮೇಲೆ ಬಾಗಿದವನ ಗೆಣ್ಣಿನಲ್ಲಿ
ಕಾಳಿನಷ್ಟು ಗುಂಡನೆಯ ತೂತು.
"ಕ್ರೋಮ್ ತಿಂದದ್ದು. ರಬ್ಬರ್ ಕೈಚೀಲ ಹರದಿತ್ತು ಆ ವರ್ಷ."
ಆ ನೀರಿನೊಳಗೆ ಕ್ರೋಮಿಯಂ
ಐವರನ್ನೂ ಒಬ್ಬನನ್ನೂ ಬಿಟ್ಟುಕೊಟ್ಟು ಬರಿದಾಗಿರುತ್ತದೆ,
ಸಿಕ್ಕಿದ್ದರಿಂದ ಕಿತ್ತುಕೊಳ್ಳುತ್ತದೆ,
ಬೆರಳಿನಿಂದಲೂ.
ಕರೆಂಟು ಆರೂ ಮಂದಿಯನ್ನು ಮರಳಿ ತರುತ್ತದೆ
ನನ್ನ ಹ್ಯಾಂಡಲ್ಲಿನ ಮೇಲೆ.
ಬಂದವರು ಐದು-ಒಂದಾಗಿ ಕೂಡುತ್ತಾರೆಯೇ?
ಇಲ್ಲ. ಬೋರ್ಡಿನ ಮೇಲೆ ನಾನು ಬರೆಯುವುದು
ಆವಿಯಲ್ಲಿ ತೇಲುವ ಒಂಟಿ ಪರಮಾಣುವಿನ ಲೆಕ್ಕ.
ಹ್ಯಾಂಡಲ್ಲಿನ ಮೇಲೆ ಒಂಟಿ ಯಾರೂ ಇಲ್ಲ.
ಅಲ್ಲಿ ಕೋಣೆಗಳ ಗೋಡೆಯೇ ಕರಗಿ
ಊರಿಗೆ ಊರೇ ಒಂದು ಪಡಸಾಲೆ.

"ಐವತ್ತು ಜಾಸ್ತಿ ಆಗತೈತ್ರೀ. ನಿಕಲ್ ರೇಟ್ ಏರೈತಿ."
ಕಾಣದ್ದಕ್ಕೇ ರೊಕ್ಕ ಹೆಚ್ಚು.
ಕೊಟ್ಟೆ.

ಗುರುವಾರ ಬಿ ಸೆಕ್ಷನ್.
ಹೇಳಿದೆ: ಎರಡೂ ಕೋಣೆಗಳ ಹೊಸ್ತಿಲು
ಹೆಚ್ಚುಕಡಿಮೆ ಒಂದೇ ಎತ್ತರ.
ಯಾರು ಯಾವುದಕ್ಕೆ ಹೊಕ್ಕರೆ ಒಟ್ಟು ಖರ್ಚು ಕಮ್ಮಿ,
ಅದು ಪ್ರತಿ ಮನೆಯ ಗದ್ದಲದ ಮೇಲೆ.
ಟಂಗ್‌ಸ್ಟನ್ ಮನೆಯ ಲೆಕ್ಕ ಬೇರೆ, ನನಗದು ಪೂರ್ತಿ ಬಿಡಿಸಲು ಬರುವುದಿಲ್ಲ.
ಒಂದು ಮಾತ್ರ ಖರೆ:
ಮೊದಲು ಬಂದು ಹಾಸಿಗೆ ಹಾಸಿದ ಫೋರ್-ಎಸ್‌ನವರೇ
ಮೊದಲು ಎದ್ದು ಹೋಗುವವರು.
ಪರೀಕ್ಷೆಯಲ್ಲಿ ಅರ್ಧ ತುಂಬಿದ್ದು ಅಂತಲೇ ಬರೆಯಿರಿ,
ಅಂಕ ಬಿಡಬೇಡಿ.

ಬೋರ್ಡಿನ ಮೇಲೆ "ಏಕೆಂದರೆ" ಎಂದು ಬರೆದು
ಮುಂದೆ ಒಂದು ಗೇಣು ಖಾಲಿ ಬಿಟ್ಟೆ.
ಹುಡುಗರು ನಕ್ಕರು.
ಮಹಾನಂದಾ ಸ್ಕೇಲು ಇಟ್ಟು
ಅಷ್ಟೇ ಖಾಲಿಯನ್ನು
ನೋಟ್ಸಿಗೆ ಇಳಿಸಿಕೊಂಡಳು.