ಹದಿನಾಕ ನಿಮಿಷ

ಮುಧೋಳದಾಗ ಮುಂಜಾನಿ ಐದಕ್ಕ
ಸಕ್ಕರಿ ಕಾರ್ಖಾನಿ ಹೊಗಿ ಬಯಲಿಗೆ ಇಳದು ಮಲಗಿರತೈತಿ.
ನಾ ಸೀಟಿ ಊದತೇನಿ.
ಹನ್ನೆರಡು ಹುಡುಗ್ಯಾರು ಕರಿ ಮಣ್ಣಿನ ಮ್ಯಾಲ
ಇಪ್ಪತ್ತು ಮೀಟರ್ ಆಚೆ, ಇಪ್ಪತ್ತು ಮೀಟರ್ ಈಚೆ,
ಮೊಬೈಲಿನ ಪೀಪಿ ಅವಸರ ಮಾಡಿದಂಗೆಲ್ಲಾ
ತಾವೂ ಅವಸರ ಮಾಡತಾರ.

ನನ್ನ ನೋಟಬುಕ್ಕಿನಾಗ ನಾಕು ಕಾಲಂ:
ಹೆಸರು, ತೂಕ, ಓಟ, ನಾಡಿ.
ದಾನಮ್ಮ ಹೊಸಮನಿ, ಹನ್ನೊಂದನೇ ಸುತ್ತಿನ ತನಕ.
ತಸ್ಲೀಮಾ ಹತ್ತು, ಅದೂ ರೋಜಾ ತಿಂಗಳದಾಗ.
ರಾತ್ರಿ ಮಲಗೂ ಮುಂದ ಈ ಅಂಕಿ ಓದತಿದ್ದೆ
ಬ್ಯಾರೆ ಮಂದಿ ಜಪ ಮಾಡಿದಂಗ.
ಇಷ್ಟು ಉಸಿರು ಇದ್ದ ಮ್ಯಾಲ
ಸೋಲು ಎಲ್ಲಿಂದ ಬರಬೇಕು?

ಬೆಳಗಾವಿ ಕ್ಯಾಂಪಿನಿಂದ ಬಂತು,
ಟೆಂಪೋದಾಗ ಕುಂತು, ಚುರುಮುರಿ ತಿನಕೋತ.
ಅವರ ನಡುವ ಫಿಲೋಮಿನಾ.
ವಯಸ್ಸು ಮೂವತ್ತೆಂಟು, ಬೋರ್ಡಿಂಗ್ ಶಾಲಿ ಅಡಗಿಮನ್ಯಾಗ ಕೆಲಸ,
ಎಡಗಡಿ ಮೊಣಕಾಲಿಗೆ ಕಂದು ಪಟ್ಟಿ.
ಬಯಲಿಗೆ ಇಳದಾಕಿ ಓಡಲಿಲ್ಲ, ಜಿಗೀಲಿಲ್ಲ,
ಸಂತ್ಯಾಗ ಬದನಿಕಾಯಿ ಆರಿಸೂ ಹಂಗ
ನಮ್ಮ ಹುಡುಗ್ಯಾರನ್ನ ಒಬ್ಬೊಬ್ಬರನ್ನ ನೋಡಿದ್ಳು.
ನಾ ನಕ್ಕೆ.

ರಗ್ಬಿ ಅಂದ್ರ ಮೊಂಡ ಆಟ:
ನೀ ಮುಂದ ಹೋಗಬೇಕು,
ಚೆಂಡು ಹಿಂದಕ್ಕ ಕೊಡಬೇಕು.
ಎಷ್ಟು ಜೋರ ಓಡತೀಯೋ ಅಷ್ಟು
ನಿನ್ನ ಬೆನ್ನ ಹಿಂದಿನ ಕೈ ದೂರ ಆಗತಾವ.
ಇದು ನನಗ ಹನ್ನೆರಡು ವರ್ಷದಿಂದ ಗೊತ್ತಿತ್ತು.
ಅವತ್ತು ತಿಳೀತು.

ದಾನಮ್ಮ ಅಂಚಿನ ಗೆರಿ ಹಿಡದು ಹೊಂಟ್ರ
ಗಾಳಿ ದಣದು ಹಿಂದ ಉಳೀತು.
ಮೊದಲನೇ ಟ್ರೈ ನಮ್ಮದು. ಎರಡನೇದೂ ನಮ್ಮದ.
ಒದ್ದ ಚೆಂಡು ಎರಡೂ ಸಲ ಕಂಬದ ಹೊರಗ.
ಇರಲಿ ಬಿಡು, ಅಂದೆ.
ಒದಿಯಾಕ ಉಸಿರು ಬೇಕಾಗಿಲ್ಲ,
ಹಂಗಾಗಿ ಅದಕ್ಕ ನನ್ನ ಪುಸ್ತಕದಾಗ ಜಾಗಾ ಇರಲಿಲ್ಲ.

ಆಮ್ಯಾಲ ಫಿಲೋಮಿನಾ ನಡಕೋತ ಬಂದ್ಳು.
ಖರೇ ಹೇಳತೇನಿ, ನಡಕೋತ.
ತಸ್ಲೀಮಾ ಪಾಸ್ ಕೊಡೂಕಿಂತ ಮೊದಲ
ಆ ಪಾಸ್ ಬೀಳೂ ಜಾಗಾದಾಗ ನಿಂತಿದ್ಳು
ಬಸ್ಸಿಗೆ ಕಾದಂಗ.
ನಮ್ಮವರು ಸುತ್ತಿ ಬಂದ್ರು, ಸಿಡಿಲಿನಂಗ ಬಂದ್ರು,
ತಪ್ಪು ಜಾಗಾಕ್ಕ ಎಲ್ಲಾರಕಿಂತ ಮೊದಲ ಮುಟ್ಟಿದ್ರು.

ನಮ್ಮೂರಿನ ನಾಯಿ ನಿಮಗೂ ಗೊತ್ತು:
ಸಣ್ಣ ನಡ, ಉದ್ದ ಕಾಲು, ಗಾಳಿ ಸೀಳೂ ಮುಸಡಿ.
ನಮ್ಮಪ್ಪ ಅದನ್ನ ಮೊಲದ ಬೆನ್ನಿಗೆ ಬಿಡತಿದ್ದ.
ಮೊಲ ಗಕ್ಕನ ತಿರುಗಿದ್ರ ನಾಯಿ ಮುಂದ ಹೋಗಿಬಿಡತಿತ್ತು,
ತನ್ನ ಓಟಾನ ತನ್ನನ್ನ ನಾಕು ಮಾರು ಒಯ್ದು ಒಗೀತಿತ್ತು.
ಬೇಲಿ ಕಿಂಡ್ಯಾಗ ಸುಮ್ಮ ಕುಂತಿರತಿತ್ತು
ಹೆಸರಿಲ್ಲದ ಒಂದು ಕೇರಿ ನಾಯಿ,
ಬಾಯಿ ತಗದು.

ಅವರದೂ ಎರಡು ಟ್ರೈ. ಜೋಡಿಗೆ ಅಕಿದೊಂದು ಒದಿಕಿ,
ತವಾದ ಮ್ಯಾಲಿನ ರೊಟ್ಟಿ ತಿರುವಿ ಹಾಕಿದಂಗ, ಅಷ್ಟ ಸಾವಕಾಶ.
ಹನ್ನೆರಡು, ಹತ್ತು.

ಆದ್ರೂ ನ್ಯಾಯದ ಮಾತು ಹೇಳಬೇಕು.
ಹದಿಮೂರನೇ ನಿಮಿಷಕ್ಕ ಅಕಿ
ಮೊಣಕಾಲ ಮ್ಯಾಲ ಕೈ ಊರಿ ತೇಕತಿದ್ಳು,
ಮಾರಿ ಗಜ್ಜರಿ ಬಣ್ಣ.
ಇನ್ನೊಂದು ನಿಮಿಷ ಇದ್ದಿದ್ರ ಗೆಲುವು ನಮ್ಮದಿತ್ತು.
ಕಬ್ಬಿನ ಹಾಲಿನ ಗಾಡಿ ಮುಂದ ಇದನ್ನ ಅಕಿಗೇ ಹೇಳಿದೆ.
"ಹೌದ್ರಿ ಸರ," ಅಂದ್ಳು, ಗ್ಲಾಸಿನ ತಳದ ಬರ್ಫ ಕಡಕೋತ,
"ಅದಕ್ಕ ನಾ ಹದಿನಾಕಕ್ಕ ಸಾಲುವಷ್ಟ ತಂದಿದ್ದೆ."

ಮರುದಿನ ಐದಕ್ಕ ಮತ್ತ ಸೀಟಿ.
ಓಟ ಬಿಟ್ಟಿಲ್ಲ, ಬಿಡಾಕ ಬರೂದಿಲ್ಲ;
ಉಸಿರಿಲ್ಲದಾಕಿ ಕಂಡದ್ದನ್ನ ಮುಟ್ಟೂದಿಲ್ಲ.
ಏಳನೇ ಸುತ್ತಿನಾಗ ದಾನಮ್ಮ ನಿಂತುಬಿಟ್ಳು,
ಸೊಂಟಕ್ಕ ಕೈ ಇಟ್ಟು,
ಉಳದವರು ಓಡೂದನ್ನ ನೋಡಕೋತ.
"ಯಾಕವಾ, ದಣದೇನು?"
"ಇಲ್ರಿ ಸರ. ತಸ್ಲೀಮಾ ತಿರುಗೂಕಿಂತ ಮೊದಲ
ಎಡ ಭುಜ ಇಳಸತಾಳ."

ಪೀಪಿ ಹೊಡಕೋತ ಇತ್ತು.
ಅಕಿ ಹೆಸರಿನ ಮುಂದ ಏಳು ಅಂತ ಬರದೆ.
ಎಡ ಭುಜಕ್ಕ ಕಾಲಂ ಇರಲಿಲ್ಲ;
ನೋಟಬುಕ್ಕಿನ ರಟ್ಟಿನ ಮ್ಯಾಲ ಬರಕೊಂಡೆ.